ದನಿ ಕನ್ನಡ, ಪರದೆ ಇಂಗ್ಲಿಷ್: ಪೊವಾಯಿಯ ಹತ್ತು ನಿಮಿಷದ ಪಾಠಗಳು

1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕಾರ್ಟೂನ್ ಚಿತ್ರಗಳ ವಿಭಾಗವೊಂದು ಶುರುವಾಯಿತು. ಚಿತ್ರ ಬರೆಯಬಲ್ಲವರು ಆ ನಗರದಲ್ಲಿ ಬೇಕಾದಷ್ಟಿದ್ದರು. ಬರೆದ ಚಿತ್ರವನ್ನು ನಡೆಸುವುದು, ಓಡಿಸುವುದು, ತಲೆ ತಿರುಗಿಸಿ ನೋಡುವಂತೆ ಮಾಡುವುದು ಹೇಗೆಂದು ಬಲ್ಲವರು ಮಾತ್ರ ವಿರಳ. ಹಾಗಾಗಿ ಅಮೆರಿಕದ ತಾಂತ್ರಿಕ ನೆರವಿನ ಲೆಕ್ಕದಲ್ಲಿ ಡಿಸ್ನಿ ಸ್ಟುಡಿಯೋದ ಕ್ಲೇರ್ ವೀಕ್ಸ್ ಎಂಬ ಕಲಾವಿದರನ್ನು ಕರೆಸಲಾಯಿತು. ಅವರಿಂದ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಅವರು ಓದಿದ್ದು ರಸಾಯನಶಾಸ್ತ್ರ, ಅದೂ ಮದರಾಸಿನಲ್ಲಿ. ಮುಂದೆ ಭಾರತದ ಅನಿಮೇಷನ್ನಿನ ಹಿರಿಯಜ್ಜ ಅನ್ನಿಸಿಕೊಂಡರು. 1957ರಲ್ಲಿ ಆ ವಿಭಾಗದಿಂದ ‘ದಿ ಬನಿಯನ್ ಡೀರ್’ ಎಂಬ ಪುಟ್ಟ ಚಿತ್ರ ಹೊರಬಂತು. ಕಥೆ ಜಾತಕದ್ದು, ಜಿಂಕೆಯ ಮೈಕಟ್ಟು ಡಿಸ್ನಿಯದ್ದು.

ಆ ಕಾಲದ ಕಲಿಕೆ ಎಂದರೆ ಮೇಷ್ಟ್ರ ಪಕ್ಕ ಕೂರುವುದು. ಅವರು ಒಂದು ಗೆರೆ ಎಳೆದರೆ ಇವರು ಒಂದು ಗೆರೆ ಎಳೆಯಬೇಕು. ತಪ್ಪಿದರೆ ಹಾಳೆ ಹರಿದು ಮತ್ತೆ ಮೊದಲಿನಿಂದ. ಅಕ್ಕಸಾಲಿಗನ ಅಂಗಡಿಯಲ್ಲಿ, ಉಡುಪಿ ಹೋಟೆಲಿನ ಒಲೆಯ ಮುಂದೆ, ಮಗ್ಗದ ಗುಂಡಿಯಲ್ಲಿ ವಿದ್ಯೆ ದಾಟುವುದೂ ಹೀಗೆಯೇ. ಈ ಬಗೆಯ ಕಲಿಕೆಗೆ ಒಂದೇ ತೊಡಕು: ಮೇಷ್ಟ್ರು ಒಬ್ಬರು, ಅವರಿಗಿರುವುದು ಎರಡೇ ಪಕ್ಕ.

ಅರ್ಧ ಶತಮಾನ ಕಳೆದ ಮೇಲೆ ಇದೇ ಮುಂಬೈಯ ಪೊವಾಯಿಯಲ್ಲಿ, ಐಐಟಿ ಬಾಂಬೆಯ ಆವರಣದಲ್ಲಿ, ಮೇಷ್ಟ್ರಿಗೆ ಸಾವಿರಾರು ಪಕ್ಕಗಳನ್ನು ಹುಟ್ಟಿಸುವ ಒಂದು ಪ್ರಯತ್ನ ನಡೆಯಿತು. ಅದರಲ್ಲಿ ಕನ್ನಡಕ್ಕೂ ಪಾಲು ಸಿಕ್ಕಿತು. ಆ ಪಾಲು ಎಂಥದ್ದು ಎನ್ನುವುದೇ ಈ ಕಥೆಯ ಸ್ವಾರಸ್ಯ.

ಅದಕ್ಕೆ ಮೊದಲು ನಡುವಿನ ದಶಕಗಳನ್ನೊಮ್ಮೆ ನೋಡಬೇಕು. 1990ರ ದಶಕದಲ್ಲಿ ‘ಮಲ್ಟಿಮೀಡಿಯಾ’ ಎಂಬ ಮಾತು ಮುಂಬೈಯ ಉಪನಗರಗಳಿಗೆ ಬಂದದ್ದು ಕೋರ್ಸಿನ ಹೆಸರಾಗಿ. ಮುಂಬೈಯದ್ದೇ ಆದ ಆಪ್ಟೆಕ್ ಕಂಪನಿ 1996ರಲ್ಲಿ ಅರೆನಾ ಎಂಬ ಹೆಸರಿನಲ್ಲಿ ತರಗತಿ ತೆರೆಯಿತು. ಹಿಂದೆಯೇ ಇನ್ನಷ್ಟು ಸಂಸ್ಥೆಗಳು ಬಂದವು. ಚಿತ್ರ, ಧ್ವನಿ, ಚಲನೆ ಮೂರನ್ನೂ ಕಂಪ್ಯೂಟರಿನಲ್ಲೇ ಹೊಲಿಯಬಹುದು ಎಂಬುದು ಆಗಿನ ಬೆರಗು. ಬೆರಗಿಗೆ ಫೀಸು ಇತ್ತು. ಅಲ್ಲಿ ಕಲಿಸುತ್ತಿದ್ದ ಸಾಫ್ಟ್‌ವೇರುಗಳ ಬೆಲೆಯಂತೂ ಮಧ್ಯಮವರ್ಗದ ಮನೆಗೆ ಎಟಕುವಂಥದ್ದಲ್ಲ. ಆದ್ದರಿಂದ ಪೂರ್ವಾರ್ಧ ತರಗತಿಯಲ್ಲಿ, ಉತ್ತರಾರ್ಧ ಬಜಾರಿನ ಕಳ್ಳ ಸೀಡಿಯಲ್ಲಿ. ಒಂದು ತಲೆಮಾರಿನ ಮುಂಬೈ ಹುಡುಗರು ಫೋಟೋ ತಿದ್ದುವುದನ್ನೂ ವಿಡಿಯೋ ಕತ್ತರಿಸುವುದನ್ನೂ ಕಲಿತದ್ದು ಹೀಗೆ ಎಂದು ಹೇಳಿದರೆ ಯಾರೂ ಬೇಸರಿಸಿಕೊಳ್ಳಲಾರರು.

ಹಣವೂ ಬೇಡ, ಕಳವೂ ಬೇಡ ಅನ್ನುವವರಿಗೆ ಅದೇ ಹೊತ್ತಿನಲ್ಲಿ ಬೇರೊಂದು ದಾರಿ ತೆರೆಯುತ್ತಿತ್ತು. ಅದನ್ನು ಕಡಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. ಚಿತ್ರ ತಿದ್ದುವ ಜಿಂಪ್ 1995ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳ ಕೆಲಸವಾಗಿ ಆರಂಭವಾಯಿತು. ಧ್ವನಿ ತಿದ್ದುವ ಆಡಾಸಿಟಿಯನ್ನು 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ ಎಂಬ ವಿದ್ಯಾರ್ಥಿ, ತನ್ನ ಅಧ್ಯಾಪಕ ರೋಜರ್ ಡ್ಯಾನೆನ್‌ಬರ್ಗ್ ಜೊತೆ ಸೇರಿ ಬರೆಯತೊಡಗಿದ. ಮೂರು ಆಯಾಮದ ಅನಿಮೇಷನ್ನಿನ ಬ್ಲೆಂಡರ್ ಮಾತ್ರ ನೆದರ್‌ಲ್ಯಾಂಡ್ಸಿನ ಒಂದು ಕಂಪನಿಯದ್ದು. ಕಂಪನಿ ಮುಳುಗಿದಾಗ, ಅದನ್ನು ಕಟ್ಟಿದ್ದ ಟಾನ್ ರೋಸೆಂಡಾಲ್ ಜನರ ಮುಂದೆ ಜೋಳಿಗೆ ಹಿಡಿದರು. ಏಳು ವಾರಗಳಲ್ಲಿ 1,00,000 ಯೂರೋ ಕೂಡಿತು. 2002ರ ಅಕ್ಟೋಬರಿನಲ್ಲಿ ಬ್ಲೆಂಡರ್ ಎಲ್ಲರದ್ದಾಯಿತು.

ಹೀಗೆ ಸಾಮಾನು ಪುಕ್ಕಟೆ ಸಿಕ್ಕಿತು. ಪಕ್ಕದಲ್ಲಿ ಕೂತು ಹೇಳಿಕೊಡುವವರು ಸಿಗಲಿಲ್ಲ. ಕೈಪಿಡಿಗಳಿದ್ದದ್ದು ಇಂಗ್ಲಿಷಿನಲ್ಲಿ, ಅದೂ ಆಗಲೇ ಬಲ್ಲವರಿಗಾಗಿ ಬಲ್ಲವರು ಬರೆದ ಇಂಗ್ಲಿಷಿನಲ್ಲಿ.

2009ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ, ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣವನ್ನು ಹರಡುವ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಆ ಹಣದಿಂದ ಬೆಳೆದ ಕೆಲಸಗಳಲ್ಲಿ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಒಂದು. ಅದನ್ನು ರೂಪಿಸಿದವರು ಅಲ್ಲಿನ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ. ಅವರ ವಿಷಯ ಕೆಮಿಕಲ್ ಎಂಜಿನಿಯರಿಂಗ್. ರಾಮ್ ಮೋಹನ್ ಅವರಂತೆ ಇವರೂ ರಸಾಯನದ ಕಡೆಯಿಂದಲೇ ಈ ದಾರಿಗೆ ಬಂದದ್ದು ಕಾಕತಾಳೀಯ, ಅಷ್ಟೆ.

ಸ್ಪೋಕನ್ ಟ್ಯುಟೋರಿಯಲ್ಲಿನ ಅಚ್ಚು ಸರಳವಾದದ್ದು. ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದನ್ನೇ ವಿಡಿಯೋ ಆಗಿ ಸೆರೆಹಿಡಿಯುವುದು, ಅದರ ಮೇಲೆ ಒಂದು ದನಿ. ಹೇಳುವವರ ಮುಖ ಕಾಣುವುದಿಲ್ಲ, ಹಲಗೆಯಿಲ್ಲ, ಭಾಷಣವಿಲ್ಲ. ಅವಧಿ ಸುಮಾರು ಹತ್ತು ನಿಮಿಷ. ನೋಡುವವರು ಪರದೆಯ ಅರ್ಧದಲ್ಲಿ ಪಾಠವನ್ನೂ ಇನ್ನರ್ಧದಲ್ಲಿ ಆ ಸಾಫ್ಟ್‌ವೇರನ್ನೂ ತೆರೆದಿಟ್ಟುಕೊಂಡು, ಒಂದು ಹೆಜ್ಜೆ ನೋಡಿ, ತಡೆದು, ತಾವೂ ಅದನ್ನೇ ಮಾಡಿ, ಮುಂದೆ ಹೋಗಬೇಕು. 1956ರ ಮೇಜಿನ ಮೇಲೆ ಅಕ್ಕಪಕ್ಕ ಇದ್ದ ಎರಡು ಹಾಳೆಗಳು ಇಲ್ಲಿ ಎರಡು ಕಿಟಕಿಗಳಾದವು. ಇಂಟರ್‌ನೆಟ್ ಸರಿಯಾಗಿಲ್ಲದ ಕಾಲೇಜುಗಳಿಗಾಗಿ ಇಡೀ ಪಾಠಮಾಲೆಯನ್ನು ಡಿಸ್ಕಿಗೆ ತುಂಬಿಕೊಂಡು ಹೋಗುವ ಏರ್ಪಾಡೂ ಇತ್ತು. ಹಾಗಾಗಿ ಈ ಆನ್‌ಲೈನ್ ಶಾಲೆಯ ಎಷ್ಟೋ ವಿದ್ಯಾರ್ಥಿಗಳು ಕಲಿತದ್ದು ಆಫ್‌ಲೈನಿನಲ್ಲಿ.

ಲಿನಕ್ಸ್, ಸಿ, ಲಿಬ್ರೆಆಫೀಸ್‌ಗಳ ಜೊತೆ ಜಿಂಪ್, ಬ್ಲೆಂಡರ್, ಇಂಕ್‌ಸ್ಕೇಪ್, ಆಡಾಸಿಟಿ ಪಾಠಗಳೂ ಪಟ್ಟಿಯಲ್ಲಿದ್ದವು. ಎಲ್ಲವೂ ಪೊವಾಯಿಯಲ್ಲೇ ಹುಟ್ಟಿದವಲ್ಲ. ಬ್ಲೆಂಡರ್ ಸರಣಿ ಐಐಟಿ ಬಾಂಬೆಯದ್ದೇ ಆದ ‘ಆಸ್ಕರ್’ ಎಂಬ ಯೋಜನೆಯಿಂದ ಬಂತು; ಪಾಠಕ್ಕೆ ಒದಗುವ ಅನಿಮೇಷನ್‌ಗಳನ್ನು ಒಂದೆಡೆ ಕೂಡಿಡುವ ಯೋಜನೆ ಅದು. ಜಿಂಪ್ ಸರಣಿಯದ್ದು ಇನ್ನೂ ಮೋಜಿನ ಕಥೆ. ಅದರ ಮೂಲ ರೋಲ್ಫ್ ಸ್ಟೈನಾರ್ಟ್ ಎಂಬ ಜರ್ಮನ್ ಹವ್ಯಾಸಿಯ ‘ಮೀಟ್ ದ ಜಿಂಪ್’ ಎಂಬ ವಿಡಿಯೋ ಸರಣಿ. ಪಾಠದ ಮೊದಲಿಗೇ ಆತ ತನ್ನ ಹೆಸರು ಹೇಳಿ, ಉತ್ತರ ಜರ್ಮನಿಯ ಬ್ರೆಮೆನ್ನಿನಿಂದ ಮಾತಾಡುತ್ತಿದ್ದೇನೆ ಎನ್ನುತ್ತಾನೆ. ಆ ಪಠ್ಯ ಭಾರತದ ಭಾಷೆಗಳಿಗೆ ಅನುವಾದವಾಗುವಾಗ ಆ ವಾಕ್ಯವೂ ಜೊತೆಗೇ ಬಂತು. ಡೊಂಬಿವಿಲಿಯ ಮನೆಯಲ್ಲಿ ಕೂತ ಹುಡುಗಿಗೆ ಜರ್ಮನಿಯ ಮೇಷ್ಟ್ರು ದೇಸಿ ದನಿಯಲ್ಲಿ ಫೋಟೋ ತಿದ್ದುವುದನ್ನು ಹೇಳಿಕೊಡುವ ವಿಚಿತ್ರ, ಸುಂದರ ವ್ಯವಸ್ಥೆ ಇದು.

ಈಗ ಕನ್ನಡದ ಪಾಲಿಗೆ ಬರೋಣ. ಪಾಠಗಳನ್ನು 22 ಭಾರತೀಯ ಭಾಷೆಗಳಿಗೆ ತರಬೇಕೆಂಬುದು ಯೋಜನೆಯ ಗುರಿ. ಆದರೆ ಒಂದು ಕರಾರು: ಬದಲಾಗುವುದು ದನಿ ಮಾತ್ರ, ಪರದೆ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಇದು ಸೋಮಾರಿತನದಿಂದ ಬಂದ ಕರಾರಲ್ಲ. ಕಲಿತವರು ನಾಳೆ ಕೆಲಸಕ್ಕೆ ಹೋಗುವ ಕಡೆ ಮೆನುಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ. ಆದ್ದರಿಂದ ಕಣ್ಣು ಅದಕ್ಕೆ ಪಳಗಲಿ, ಅರ್ಥ ಮಾತ್ರ ಸ್ವಂತ ಭಾಷೆಯಲ್ಲಿ ಕಿವಿಗೆ ಬೀಳಲಿ ಎಂಬುದು ಅವರ ತರ್ಕ. ಲಿಬ್ರೆಆಫೀಸಿನಂಥವುಗಳ ಮೆನುಗಳನ್ನೇ ಕನ್ನಡಕ್ಕೆ ತಂದವರು ಆಗಲೇ ಇದ್ದರು. ಅವರ ದೃಷ್ಟಿಯಿಂದ ನೋಡಿದರೆ ಇದು ಶರಣಾಗತಿ. ಕನ್ನಡವನ್ನು ಏಣಿ ಮಾಡಿಕೊಂಡು ಇಂಗ್ಲಿಷಿನ ಅಟ್ಟ ಹತ್ತಿಸುವ ಉಪಾಯ. ಆ ಆಕ್ಷೇಪದಲ್ಲಿ ಸತ್ಯವಿದೆ.

ಆದರೆ ಮುಂಬೈ ಕನ್ನಡಿಗರಿಗೆ ಈ ಏಣಿ ಹೊಸದಲ್ಲ. ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿದವರ ಕಥೆ ಈ ನಗರದ ಪ್ರತಿ ಕನ್ನಡ ಸಂಘದಲ್ಲೂ ಕೇಳಸಿಗುತ್ತದೆ. ಅವರ ಗಿರಾಕಿಗಳ ಭಾಷೆ ಮರಾಠಿ, ಗುಜರಾತಿ, ಹಿಂದಿ. ಕಚೇರಿಯ ಭಾಷೆ ಇಂಗ್ಲಿಷ್. ಕನ್ನಡ ಅವರಿಗೆ ಕೊಟ್ಟದ್ದು ಗುಮಾಸ್ತೆಯ ಕೆಲಸವನ್ನಲ್ಲ, ಆ ಕೆಲಸಕ್ಕೆ ಬೇಕಾದದ್ದನ್ನು ಹೆದರದೆ ಕಲಿಯುವ ಒಂದು ಜಾಗವನ್ನು. ಸುತ್ತಲೂ ಬೇರೆ ಭಾಷೆಯ ಬೋರ್ಡುಗಳು, ಒಳಗೆ ತಮ್ಮ ಭಾಷೆಯ ಮೇಷ್ಟ್ರು. ಸ್ಪೋಕನ್ ಟ್ಯುಟೋರಿಯಲ್ಲಿನ ಕನ್ನಡ ಪಾಠವೂ ಒಂದು ರಾತ್ರಿ ಶಾಲೆಯೇ. ಅದರ ಮಿತಿಗಳೂ ರಾತ್ರಿ ಶಾಲೆಯವೇ.

ಅನುವಾದದ ಕಡತ ನೋಡಿದರೆ ಒಂದು ಸಾದಾ ಪಟ್ಟಿ. ಎಡಗಡೆ ಸಮಯ, ಬಲಗಡೆ ಮಾತು. ಇಷ್ಟನೆಯ ನಿಮಿಷದ ಇಷ್ಟನೆಯ ಸೆಕೆಂಡಿಗೆ ಈ ವಾಕ್ಯ. ಮುಂದಿನ ವಾಕ್ಯದ ಹೊತ್ತಿಗೆ ಇದು ಮುಗಿದಿರಬೇಕು, ಯಾಕೆಂದರೆ ಪರದೆಯ ಮೇಲಿನ ಬಾಣ ಯಾರಿಗೂ ಕಾಯುವುದಿಲ್ಲ. ಪುಸ್ತಕದ ಅನುವಾದಕರಿಗೆ ಇಲ್ಲದ ಕಟ್ಟುಪಾಡು ಇದು. ‘ಲೆಟ್ ಅಸ್ ಸೇವ್ ದಿಸ್ ಫೈಲ್’ ಎಂಬಲ್ಲಿ ಬಾಯಿಗೆ ಐದು ಪೆಟ್ಟು. ‘ಈ ಫೈಲನ್ನು ಸೇವ್ ಮಾಡೋಣ’ ಎಂಬಲ್ಲಿ ಎಂಟು. ‘ಈ ಕಡತವನ್ನು ಉಳಿಸಿಕೊಳ್ಳೋಣ’ ಎಂದು ಅಚ್ಚಗನ್ನಡಕ್ಕೆ ಹೋದರೆ ಹನ್ನೆರಡು, ಮೇಲಾಗಿ ಪರದೆಯ ಮೇಲೆ ‘ಕಡತ’ ಎಂಬ ಪದ ಎಲ್ಲೂ ಇಲ್ಲ. ಜಿಂಪಿನ ‘ಲೇಯರ್’ ಅನ್ನು ‘ಪದರ’ ಎಂದರೆ ಕಿವಿಗೆ ಹಿತ. ಆದರೆ ಮೊದಲ ಸಲ ಕೂತ ಹುಡುಗ ಮೆನುವಿನಲ್ಲಿ ‘ಪದರ’ವನ್ನು ಹುಡುಕುತ್ತಾ ಅಲ್ಲೇ ಉಳಿಯುತ್ತಾನೆ. ಆದ್ದರಿಂದ ನಾಮಪದಗಳೆಲ್ಲ ಇಂಗ್ಲಿಷಿನವು, ವಿಭಕ್ತಿ, ಕ್ರಿಯೆ, ಕಾಲ, ಗೌರವ ಕನ್ನಡದ್ದು. ಕೇಳುವವರಿಗೆ ‘ಮಾಡು’ ಅನ್ನುವುದಿಲ್ಲ, ‘ಮಾಡಿ’ ಅನ್ನುತ್ತದೆ ಈ ಪಾಠ.

ಒಂದು ವಿಷಯದಲ್ಲಿ ಮಾತ್ರ ಕನ್ನಡ ಇಂಗ್ಲಿಷಿಗಿಂತ ಮೇಲು. ಇಂಗ್ಲಿಷಿನ ಸೂಚನೆಯಲ್ಲಿ ಕ್ರಿಯಾಪದ ಮೊದಲು: ‘ಕ್ಲಿಕ್’ ಎಂದು ಕೇಳಿಸಿದಾಗ ಎಲ್ಲಿ ಎಂದು ಇನ್ನೂ ಗೊತ್ತಿರುವುದಿಲ್ಲ, ಬೆರಳು ಸಿದ್ಧ, ಕಣ್ಣು ತಬ್ಬಿಬ್ಬು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ‘ಮೇಲಿನ ಮೆನುವಿನಲ್ಲಿ ಎಫೆಕ್ಟ್ ಎಂಬುದರ ಮೇಲೆ ಕ್ಲಿಕ್ ಮಾಡಿ’ ಎಂದಾಗ ಮೊದಲು ಕಣ್ಣು ಮೇಲೆ ಹೋಗುತ್ತದೆ, ಆಮೇಲೆ ಮೆನು, ಆಮೇಲೆ ಎಫೆಕ್ಟ್, ಕೊನೆಗೆ ಕ್ಲಿಕ್. ಕೈಯ ಕೆಲಸ ನಡೆಯುವ ಕ್ರಮವೂ ಇದೇ. ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವುದಕ್ಕೆ ಇಂಗ್ಲಿಷಿಗಿಂತ ಕನ್ನಡದ ವಾಕ್ಯವೇ ಹೆಚ್ಚು ಒಗ್ಗುತ್ತದೆ ಎಂದರೆ ಭಾಷಾಭಿಮಾನವಾಗಲಾರದು.

ಇಷ್ಟೆಲ್ಲ ಆದ ಮೇಲೆ ದನಿ ಕೊಡಬೇಕು. ಸ್ಪೋಕನ್ ಟ್ಯುಟೋರಿಯಲ್ಲಿನ ಅತ್ಯುತ್ತಮ ಮಲ್ಟಿಮೀಡಿಯಾ ಕೋರ್ಸು ಯಾವುದೆಂದು ಕೇಳಿದರೆ ಪಟ್ಟಿಯಲ್ಲಿರುವ ಜಿಂಪ್, ಬ್ಲೆಂಡರ್‌ಗಳನ್ನು ಬಿಟ್ಟು ಈ ದನಿಯ ಕೆಲಸವನ್ನೇ ಹೆಸರಿಸಬೇಕು. ಪಾಠ ನೋಡಿದವರು ಸಾಫ್ಟ್‌ವೇರ್ ಕಲಿತರು. ಪಾಠಕ್ಕೆ ದನಿ ಕೊಟ್ಟವರು ಪಾಠ ಮಾಡುವುದನ್ನೇ ಕಲಿತರು. ಇದಕ್ಕೆ ಸ್ಟುಡಿಯೋ ಬೇಡ. ಒಂದು ಹೆಡ್‌ಸೆಟ್, ಆಡಾಸಿಟಿ, ಎಫ್‌ಎಫ್‌ಎಂಪೆಗ್ ಎಂಬ ಪುಕ್ಕಟೆ ಸಲಕರಣೆ ಇದ್ದರೆ ಸಾಕು. ಈ ಎರಡನ್ನು ಬಳಸಿ ಪಾಠಕ್ಕೆ ದನಿ ಸೇರಿಸುವುದು ಹೇಗೆ ಎಂಬುದಕ್ಕೇ ಒಂದು ಸ್ಪೋಕನ್ ಟ್ಯುಟೋರಿಯಲ್ ಇದೆ; ಹಾವು ತನ್ನ ಬಾಲವನ್ನು ತಾನೇ ಕಚ್ಚಿದ ಹಾಗೆ.

ಕೆಲಸ ನಡೆಯುವುದು ಹೀಗೆ. ಮೂಲ ವಿಡಿಯೋದಿಂದ ಇಂಗ್ಲಿಷಿನ ಧ್ವನಿಯನ್ನು ಬೇರೆ ಮಾಡಿ ಆಡಾಸಿಟಿಯಲ್ಲಿ ತೆರೆದರೆ ಮಾತು ನೀಲಿ ಅಲೆಗಳಾಗಿ ಕಾಣುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಕನ್ನಡದ ಮಾತನ್ನು ವಾಕ್ಯ ವಾಕ್ಯವಾಗಿ ಧ್ವನಿಮುದ್ರಿಸಿ, ಮೇಲಿನ ಅಲೆ ಏಳುವಲ್ಲಿಗೆ ಕೆಳಗಿನ ಅಲೆಯನ್ನು ಎಳೆದು ತರಬೇಕು. ಉಳಿದರೆ ಮೌನ ಸೇರಿಸಬೇಕು, ಮೀರಿದರೆ ವಾಕ್ಯವನ್ನೇ ಮೊಟಕು ಮಾಡಿ ಮತ್ತೆ ಓದಬೇಕು. ಸದ್ದು ತೆಗೆಯುವುದು ಇನ್ನೊಂದು ಹಂತ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಫ್ಯಾನ್ ನಿಲ್ಲಿಸಬಹುದು, ಕುಕ್ಕರಿನ ಸೀಟಿ ಮುಗಿಯುವವರೆಗೆ ಕಾಯಬಹುದು. ಲೋಕಲ್ ರೈಲನ್ನು ನಿಲ್ಲಿಸಲಾಗದು. ಯಾರೂ ಮಾತಾಡದ ಎರಡು ಮೂರು ಸೆಕೆಂಡಿನ ತುಣುಕನ್ನು ಆರಿಸಿ, ‘ಇದು ಗದ್ದಲದ ಮಾದರಿ’ ಎಂದು ಆಡಾಸಿಟಿಗೆ ತೋರಿಸಿದರೆ, ಅದೇ ಬಗೆಯ ಗುಂಯ್‌ಗುಡುವಿಕೆಯನ್ನು ಇಡೀ ಧ್ವನಿಯಿಂದ ಅದು ತಗ್ಗಿಸುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಮಾತ್ರ ಈ ಮದ್ದು, ಕಾಗೆಗೆ ಇಲ್ಲ. ಕೊನೆಗೆ ಎಫ್‌ಎಫ್‌ಎಂಪೆಗ್‌ಗೆ ಒಂದು ಸಾಲಿನ ಆಜ್ಞೆ: ಚಿತ್ರ ಆ ಕಡತದಿಂದ, ಧ್ವನಿ ಈ ಕಡತದಿಂದ, ಎರಡನ್ನೂ ಕೂಡಿಸು.

ಇದರಲ್ಲಿ ಪಳಗಿದವರಿಗೆ ಮೂರು ವಿದ್ಯೆ ಒಟ್ಟಿಗೇ ಬಂದವು. ಬರೆದ ಕನ್ನಡವನ್ನು ಆಡುವ ಕನ್ನಡ ಮಾಡುವುದು, ಧ್ವನಿಯನ್ನು ಕಣ್ಣಿನಿಂದ ನೋಡಿ ಕತ್ತರಿಸುವುದು, ಚಿತ್ರ ಮತ್ತು ಧ್ವನಿ ಬೇರೆ ಬೇರೆ ಎಳೆಗಳೆಂದು ಅರಿಯುವುದು. ಮೂರನೆಯದು ಚಿಕ್ಕದೆಂದು ಕಾಣಬಹುದು. ಪರದೆಯ ಮೇಲೆ ನೋಡುವುದೆಲ್ಲ ಯಾರೋ ಹೊಲಿದದ್ದು, ಹೊಲಿಗೆಯನ್ನು ಬಿಚ್ಚಬಹುದು, ಬೇರೆ ಬಟ್ಟೆ ಸೇರಿಸಬಹುದು ಎಂಬ ಅರಿವು ಅದು. ಮಲ್ಟಿಮೀಡಿಯಾ ಎಂಬ ಪದದ ಒಳಗಿರುವುದೂ ಅಷ್ಟೇ ಅಲ್ಲವೆ?

ಕೊರತೆಗಳನ್ನೂ ಹೇಳಲೇಬೇಕು. ಹತ್ತು ನಿಮಿಷದ ಪಾಠ ‘ಹೇಗೆ’ ಎಂಬುದನ್ನು ಕಲಿಸುತ್ತದೆ, ‘ಯಾವಾಗ’, ‘ಯಾಕೆ’ ಎಂಬುದನ್ನಲ್ಲ. ಧ್ವನಿಯನ್ನು ಮೆಲ್ಲಗೆ ಮರೆಯಾಗಿಸುವುದು ಹೇಗೆಂದು ಆಡಾಸಿಟಿ ಪಾಠದಿಂದ ತಿಳಿಯುತ್ತದೆ. ಎಲ್ಲಿ ಮರೆಯಾಗಿಸಿದರೆ ಕೇಳುಗನ ಎದೆ ಹಿಂಡುತ್ತದೆ ಎಂದು ತಿಳಿಯುವುದಿಲ್ಲ. ಇದೇ ಆವರಣದಲ್ಲಿ 1969ರಿಂದ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಇದೆ. ಕ್ಯಾಲಿಗ್ರಫಿಯ ದೊಡ್ಡ ಹೆಸರಾದ ಆರ್.ಕೆ. ಜೋಶಿ ಅಂಥವರು ಪಾಠ ಹೇಳಿದ ಜಾಗ ಅದು. ‘ಯಾಕೆ’ ಎಂಬುದನ್ನು ವರ್ಷಗಟ್ಟಲೆ ಕಲಿಸುತ್ತದೆ, ಪ್ರತಿ ವರ್ಷ ಬೆರಳೆಣಿಕೆಯ ಬ್ಯಾಚುಗಳಿಗೆ. ಒಂದೇ ಗೇಟಿನೊಳಗೆ ಕೆಲವರಿಗೆ ಆಳವಾದ ಬಾವಿ, ಎಲ್ಲರಿಗೂ ನಲ್ಲಿ. ನಲ್ಲಿಯ ನೀರು ಕುಡಿದವರನ್ನು ಬಾವಿಯ ಕಡೆ ಕರೆದೊಯ್ಯುವ ಕಾಲುದಾರಿಯನ್ನು ಯಾರೂ ತುಳಿದು ಮಾಡಲಿಲ್ಲ.

ಎರಡನೆಯ ಕೊರತೆ ಇನ್ನೂ ಕಹಿಯಾದದ್ದು. ಬ್ಲೆಂಡರ್ ಸರಣಿ ತಯಾರಾದದ್ದು ಅದರ 2.59ನೆಯ ಆವೃತ್ತಿಯ ಮೇಲೆ. ಆಗ ಒಂದು ವಸ್ತುವನ್ನು ಆರಿಸಿಕೊಳ್ಳಲು ಮೌಸಿನ ಬಲಗುಂಡಿ ಒತ್ತಬೇಕಿತ್ತು. 2019ರ ಜುಲೈಯಲ್ಲಿ ಬಂದ 2.80 ಆವೃತ್ತಿ ಅದನ್ನು ಎಡಗುಂಡಿಗೆ ಬದಲಾಯಿಸಿತು, ಪರದೆಯ ಮುಖವನ್ನೇ ಬೇರೆ ಮಾಡಿತು. ಒಂದೇ ಬಿಡುಗಡೆಗೆ ಆ ಸರಣಿಯೂ ಅದರ ಮೇಲೆ ನಿಂತ ಎಲ್ಲ ಭಾಷೆಯ ದನಿಗಳೂ ಹಳತಾದವು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ನಿಂತುಹೋದಾಗಲೂ ಅಷ್ಟೆ, ಅದರಲ್ಲಿ ವರ್ಷಗಟ್ಟಲೆ ಮಾಡಿಟ್ಟಿದ್ದ ಪಾಠದ ಅನಿಮೇಷನ್‌ಗಳು ಬ್ರೌಸರಿನಲ್ಲಿ ಕಣ್ಣುಮುಚ್ಚಿದವು. ಪುಸ್ತಕದ ಅನುವಾದ ಹಳತಾಗಲು ತಲೆಮಾರು ಬೇಕು. ಇಲ್ಲಿ ಪರದೆ ಯಾರದೋ, ದನಿ ನಮ್ಮದು. ಪರದೆ ಬದಲಾದ ದಿನ ದನಿ ಸುಳ್ಳು ಹೇಳತೊಡಗುತ್ತದೆ. ಇಂಗ್ಲಿಷ್ ಪಾಠವನ್ನು ಮತ್ತೆ ಮಾಡುವವರು ಸಿಗುತ್ತಾರೆ. ಕನ್ನಡದ ಸರದಿ ಬರುವ ಹೊತ್ತಿಗೆ ಇನ್ನೊಂದು ಆವೃತ್ತಿ ಬಂದಿರುತ್ತದೆ.

ಈಚಿನ ವಿದ್ಯಾರ್ಥಿ ಇದಕ್ಕೆಲ್ಲ ಕಾಯುವುದೂ ಇಲ್ಲ. ಅವನ ಕಂಪ್ಯೂಟರ್ ಅಂದರೆ ಫೋನು. ಮುಂಬೈ ಮಹಾನಗರ ಪಾಲಿಕೆಯ ಶಾಲೆಗಳು ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ನಡೆಯುತ್ತವೆ. 2020ರ ಲಾಕ್‌ಡೌನಿನಲ್ಲಿ ಪಾಠ ಮಕ್ಕಳನ್ನು ತಲುಪಿದ್ದು ಹೆಚ್ಚಾಗಿ ಅಪ್ಪನ ಫೋನಿನ ಮೂಲಕ. ಅದೇ ಫೋನಿನಲ್ಲಿ ಮಕ್ಕಳು ವಿಡಿಯೋ ಕತ್ತರಿಸಿ, ಹಾಡು ಸೇರಿಸಿ, ಅಕ್ಷರ ಕುಣಿಸಿ ಕಳಿಸುತ್ತಾರೆ. ಕಲಿಸಿದವರು ಯಾರೂ ಇಲ್ಲ. ಕಲಿತಿದ್ದೇವೆ ಎಂದು ಅವರಿಗೂ ಗೊತ್ತಿಲ್ಲ. ಆ ವರ್ಷದ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿದಾಗ, ಆ ಕೈಚಳಕದಲ್ಲಿ ಎಷ್ಟು ಅವರದ್ದು, ಎಷ್ಟು ಆಪಿನದ್ದು ಎಂಬುದು ಒಂದೇ ರಾತ್ರಿಯಲ್ಲಿ ಪರೀಕ್ಷೆಗೆ ಬಿತ್ತು.

ದನಿಯ ಕೆಲಸವನ್ನೂ ಈಗ ಯಂತ್ರ ಕೇಳುತ್ತಿದೆ. ಐಐಟಿ ಬಾಂಬೆಯಲ್ಲೇ 2021ರಲ್ಲಿ ‘ಉಡಾನ್’ ಎಂಬ ಯೋಜನೆ ಎಂಜಿನಿಯರಿಂಗ್ ಪಠ್ಯಗಳನ್ನು ಯಂತ್ರದ ನೆರವಿನಿಂದ ಭಾರತೀಯ ಭಾಷೆಗಳಿಗೆ ತರುವ ಕೆಲಸಕ್ಕೆ ಕೈಹಾಕಿತು. ವಿಡಿಯೋಗಳಿಗೆ ತಾನಾಗಿಯೇ ಬೇರೆ ಭಾಷೆಯ ದನಿ ಕೂರಿಸುವ ವ್ಯವಸ್ಥೆಗಳೂ ಬಂದಿವೆ. ನೋಡುವವರ ಕಡೆಯಿಂದ ಇದು ಲಾಭವೇ: 2.80 ಬಂದ ವಾರವೇ ಅದರ ಪಾಠವೂ ಕನ್ನಡದಲ್ಲಿ ಬರಬಹುದು, ದನಿ ಸುಳ್ಳು ಹೇಳುವುದು ತಪ್ಪಬಹುದು. ಆದರೆ ಹೆಡ್‌ಸೆಟ್ ಹಾಕಿಕೊಂಡು, ಹನ್ನೆರಡು ಪೆಟ್ಟಿನ ವಾಕ್ಯವನ್ನು ಎಂಟಕ್ಕೆ ಇಳಿಸಿ, ಅಲೆಯ ಕೆಳಗೆ ಅಲೆ ಕೂರಿಸುತ್ತಾ ತನಗೆ ಗೊತ್ತಿಲ್ಲದೆಯೇ ಸಂಕಲನ ಕಲಿಯುತ್ತಿದ್ದ ವಿದ್ಯಾರ್ಥಿಯ ಕುರ್ಚಿ ಆ ಏರ್ಪಾಡಿನಲ್ಲಿ ಇಲ್ಲ.

ಹಳೆಯ ಕಡತಗಳು ಬಿಸಾಡಿದವಲ್ಲ. ಸ್ಪೋಕನ್ ಟ್ಯುಟೋರಿಯಲ್ಲಿನ ಪಾಠಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹೊರಬಂದವು. ಮೂಲ ಕರ್ತೃವಿನ ಹೆಸರು ಹೇಳಿ, ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಮತ್ತೆ ಹಂಚುವುದಾದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎಡಗಡೆ ಸಮಯ, ಬಲಗಡೆ ಕನ್ನಡ ಇರುವ ಆ ಪಟ್ಟಿಗಳಲ್ಲಿ ಒಂದನ್ನು ತೆರೆದು, ಇವತ್ತಿನ ಪರದೆಯನ್ನು ಹೊಸದಾಗಿ ಸೆರೆಹಿಡಿದು, ಹಳತಾದ ಮಾತನ್ನು ತಿದ್ದಿ, ಸೆಕೆಂಡುಗಳನ್ನು ಮತ್ತೆ ಲೆಕ್ಕಹಾಕಿ ದನಿ ಕೊಡುವುದು ಒಂದು ಕಾಲೇಜಿನ ಹುಡುಗರಿಗೆ ಒಂದು ರಜೆಯ ಕೆಲಸ. ಬೇಕಾಗುವ ಸಾಮಾನು 2009ರಲ್ಲಿ ಬೇಕಾಗಿದ್ದುದಕ್ಕಿಂತ ಹೆಚ್ಚೇನಿಲ್ಲ.